‘ಬೇರುಸಹಿತ ಗುಣ’ ಎಂಬ ಸುಳ್ಳು



ನಮ್ಮ ನಾಡಿನ ಗೋಡೆಗಳ ಮೇಲೆ, ಬಸ್ ನಿಲ್ದಾಣದ ಕಂಬಗಳ ಮೇಲೆ, ಈಗ ನಿಮ್ಮೆಲ್ಲರ ಕೈಯಲ್ಲಿರುವ ಮೊಬೈಲಿನ ಪರದೆಯ ಮೇಲೆ ಅತಿ ಹೆಚ್ಚು ಸಲ ಬರೆದಿರುವ ಸುಳ್ಳು ಯಾವುದೆಂದು ಯಾರಾದರೂ ಕೇಳಿದರೆ ನಾನು ತಡವರಿಸದೆ ಉತ್ತರ ಹೇಳಬಲ್ಲೆ. ‘ಬೇರುಸಹಿತ ಗುಣ’ ಎಂಬ ಎರಡು ಪದಗಳೇ ಆ ಸುಳ್ಳು. ಮೂಲವ್ಯಾಧಿಯಿಂದ ಹಿಡಿದು ಮೂರ್ಛೆರೋಗದವರೆಗೆ ಎಲ್ಲಕ್ಕೂ ಈ ಮಾತನ್ನು ಅಂಟಿಸುತ್ತಾರೆ. ಆದರೆ ಇಂದು ನಾನು ಬರೆಯಹೊರಟಿರುವುದು ತಲೆಯ ಚರ್ಮದ ವಿಷಯ. ಏಕೆಂದರೆ ಈ ಸುಳ್ಳಿಗೆ ಅತ್ಯಂತ ಫಲವತ್ತಾದ ನೆಲ ಮನುಷ್ಯನ ನೆತ್ತಿಯೇ ಎಂಬುದು ನನ್ನ ಅನುಭವ.

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ, “ಸಾರ್, ಹನ್ನೆರಡು ವರ್ಷದಿಂದ ತಲೆಹೊಟ್ಟು. ಎಲ್ಲ ಶಾಂಪೂ ಮುಗಿಸಿದ್ದೇನೆ. ಒಬ್ಬರು ಮೂರು ತಿಂಗಳಲ್ಲಿ ಬೇರುಸಹಿತ ಗುಣಮಾಡುತ್ತೇನೆಂದು ಹದಿನೆಂಟು ಸಾವಿರ ಕೇಳುತ್ತಿದ್ದಾರೆ. ಕೊಡಲೇ?” ಎಂದ. ಕೂಡದು ಎಂದೆ. ಕಾರಣ ಹೇಳಲು ಅರ್ಧ ಗಂಟೆ ಸಾಲಲಿಲ್ಲ. ಅವನಂಥ ಹಲವರು ನಿಮ್ಮಲ್ಲಿ ಇರುವುದರಿಂದ ಆ ಕಾರಣಗಳನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು. ಅದರ ಜೊತೆಗೆ, ಇಪ್ಪತ್ತೈದು ವರ್ಷಗಳಿಂದ ನನ್ನ ನೆತ್ತಿಯ ಮೇಲೆ ಸೋರಿಯಾಸಿಸ್ ಎಂಬ ಕಾಯಿಲೆಯನ್ನು ಹೊತ್ತು ತಿರುಗುತ್ತಿರುವವನು. ಆದ್ದರಿಂದ ಈ ವಿಷಯದಲ್ಲಿ ಎರಡು ಮಾತು ಖಾರವಾಗಿ ಆಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಮೊದಲ ಆಕ್ಷೇಪ ನಮ್ಮ ಭಾಷೆಯ ಬಳಕೆಯ ಮೇಲೆಯೇ. ತಲೆಯಿಂದ ಬಿಳಿಯದಾದ ಏನೇ ಉದುರಿದರೂ ನಾವು ಅದಕ್ಕೆ ‘ಹೊಟ್ಟು’ ಎಂದುಬಿಡುತ್ತೇವೆ. ಭತ್ತದ ಹೊಟ್ಟಿಗೂ ರಾಗಿಯ ಹೊಟ್ಟಿಗೂ ವ್ಯತ್ಯಾಸ ಬಲ್ಲ ರೈತಾಪಿ ಜನ ತಲೆಯ ಹೊಟ್ಟಿನಲ್ಲಿ ಮಾತ್ರ ವ್ಯತ್ಯಾಸ ಕಾಣುವುದಿಲ್ಲ. ಈ ಒಂದು ಪದದ ಕೆಳಗೆ ಕಡಿಮೆಯೆಂದರೂ ಮೂರು ಬೇರೆ ಬೇರೆ ಕಾಯಿಲೆಗಳು ಅಡಗಿ ಕೂತಿವೆ. ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ. ಕೆಲವೊಮ್ಮೆ ಒಂದರ ಮದ್ದು ಇನ್ನೊಂದಕ್ಕೆ ವಿಷವೇ ಆಗುತ್ತದೆ.

ಮೊದಲನೆಯದು ಹುಳುಕಡ್ಡಿ. 1987ರ ಸುಮಾರಿಗೆ ನಮ್ಮ ಶಾಲೆಯ ಎಂಟನೆಯ ತರಗತಿಯ ಹುಡುಗನೊಬ್ಬನ ತಲೆಯಲ್ಲಿ ರೂಪಾಯಿಯಗಲದ ಎರಡು ಬೋಳು ತೇಪೆಗಳಾದವು. ಅಲ್ಲಿ ಕೂದಲು ಬುಡದಲ್ಲೇ ಮುರಿದು ಕಪ್ಪು ಚುಕ್ಕೆಗಳಂತೆ ನಿಂತಿತ್ತು. ಮನೆಯವರು ತಿಂಗಳುಗಟ್ಟಲೆ ಮುಲಾಮು ಹಚ್ಚಿದರು. ಆ ಶಿಲೀಂಧ್ರ ಕೂದಲಿನ ಕಡ್ಡಿಯೊಳಗೇ ಹೊಕ್ಕು ಕೂರುತ್ತದೆ; ಮೇಲೆ ಹಚ್ಚಿದ ಮುಲಾಮು ಅಲ್ಲಿಗೆ ತಲುಪುವುದಿಲ್ಲ. ಹೊಟ್ಟೆಗೆ ಮಾತ್ರೆಯನ್ನೇ ಕೊಡಬೇಕು. ಗ್ರಿಸಿಯೋಫಲ್ವಿನ್ ಎಂಬ ಮಾತ್ರೆ 1950ರ ದಶಕದ ಕೊನೆಯಿಂದಲೇ ಮನುಷ್ಯರ ಚಿಕಿತ್ಸೆಯಲ್ಲಿದೆ. ಕೊನೆಗೆ ಸರ್ಕಾರಿ ಆಸ್ಪತ್ರೆಯ ವೈದ್ಯರೊಬ್ಬರು ಅದನ್ನೇ ಬರೆದುಕೊಟ್ಟರು. ಎರಡು ತಿಂಗಳ ಬಳಿಕ ಹುಡುಗನ ತಲೆ ತುಂಬ ಕೂದಲು ಬಂತು. ಗಮನಿಸಿ: ಈ ಮೂರರಲ್ಲಿ ನಿಜವಾಗಿಯೂ ‘ಬೇರುಸಹಿತ’ ಹೋಗುವುದು ಇದೊಂದೇ. ಮಕ್ಕಳಲ್ಲಿ ಬಾಚಣಿಗೆ, ಟೋಪಿಗಳ ಮೂಲಕ ಹರಡುವುದೂ ಇದೊಂದೇ. ತಡಮಾಡಿದರೆ ಕೆಲವರಲ್ಲಿ ಕೀವು ತುಂಬಿದ ಗಡ್ಡೆಯಾಗಿ, ಮಾಯ್ದ ಮೇಲೆ ಕಲೆ ಉಳಿದು, ಆ ಜಾಗದಲ್ಲಿ ಮತ್ತೆ ಕೂದಲೇ ಬರದಂತಾಗುತ್ತದೆ.

ಎರಡನೆಯದು ಸೆಬೋರಿಕ್ ಡರ್ಮಟೈಟಿಸ್. ಸಾಧಾರಣ ಹೊಟ್ಟು ಇದರ ಸೌಮ್ಯ ರೂಪ. ಹೊಟ್ಟು ಜಿಡ್ಡಾಗಿ, ತುಸು ಹಳದಿಯಾಗಿರುತ್ತದೆ. ನೆತ್ತಿಯಷ್ಟೇ ಅಲ್ಲದೆ ಹುಬ್ಬು, ಮೂಗಿನ ಪಕ್ಕ, ಕಿವಿಯ ಹಿಂಭಾಗದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಇದರಲ್ಲಿ ಮಲಸೀಜಿಯಾ ಎಂಬ ಯೀಸ್ಟಿನ ಪಾತ್ರವಿದೆ. 1874ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಲೂಯಿ ಶಾರ್ಲ್ ಮಲಾಸೆ ಅವರಿಂದ ಬಂದ ಹೆಸರು ಅದು. ಈ ಯೀಸ್ಟು ಹೆಚ್ಚುಕಡಿಮೆ ಎಲ್ಲರ ಚರ್ಮದ ಮೇಲೂ ಇರುತ್ತದೆ. ಕೆಲವರ ಚರ್ಮ ಮಾತ್ರ ಅದರೊಡನೆ ಜಗಳಕ್ಕೆ ನಿಲ್ಲುತ್ತದೆ. ಹೀಗಿರುವಾಗ ಅದನ್ನು ಬೇರುಸಹಿತ ಕೀಳುವುದೆಂದರೇನು? ಇಂದು ತೊಳೆದರೆ ಕೆಲವು ದಿನಗಳಲ್ಲಿ ಮತ್ತೆ ಬೆಳೆಯುತ್ತದೆ. ಕೀಟೋಕೊನಜೋಲ್, ಜಿಂಕ್ ಪೈರಿಥಿಯೋನ್, ಸೆಲೆನಿಯಂ ಸಲ್ಫೈಡ್ ಇರುವ ಶಾಂಪೂಗಳಿಂದ ಅದರ ಸಂಖ್ಯೆಯನ್ನು ತಗ್ಗಿಸಿಟ್ಟುಕೊಳ್ಳಬಹುದು. ಅಷ್ಟು ಮಾಡಿದರೆ ಬಹುಮಂದಿಗೆ ಸಾಕು.

ಮೂರನೆಯದು ನನ್ನದು, ಸೋರಿಯಾಸಿಸ್. ಇದು ಸೋಂಕಲ್ಲ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಚರ್ಮದ ಮೇಲೆ ತಿರುಗಿಬಿದ್ದ ಸ್ಥಿತಿ. ಸಾಮಾನ್ಯರಲ್ಲಿ ಚರ್ಮದ ಜೀವಕೋಶ ಹುಟ್ಟಿ, ಮೇಲೆ ಬಂದು, ಉದುರಲು ಸುಮಾರು ಒಂದು ತಿಂಗಳು ಬೇಕಾದರೆ ಇಲ್ಲಿ ಕೆಲವೇ ದಿನ ಸಾಕು. ಹೀಗಾಗಿ ಬಲಿಯದ ಕೋಶಗಳು ಪದರ ಪದರವಾಗಿ ಕೂಡಿ ಬೆಳ್ಳಿಯ ಬಣ್ಣದ ದಪ್ಪ ಹಕ್ಕಳೆಗಳಾಗುತ್ತವೆ. ಅವಕ್ಕೆ ಸ್ಪಷ್ಟವಾದ ಅಂಚು ಇರುತ್ತದೆ. ಅನೇಕರಲ್ಲಿ ಕೂದಲಿನ ಗೆರೆಯನ್ನು ದಾಟಿ ಹಣೆಗೂ ಕತ್ತಿಗೂ ಇಳಿಯುತ್ತವೆ. ವಿದೇಶಿ ಪುಸ್ತಕಗಳ ಚಿತ್ರಗಳಲ್ಲಿ ಇದು ಕೆಂಪಗೆ ಕಾಣುತ್ತದೆ. ನಮ್ಮ ಕಂದು ಮೈಬಣ್ಣದಲ್ಲಿ ನೇರಳೆಯೋ ಬೂದು ಮಿಶ್ರಿತ ಕಪ್ಪೋ ಆಗಿ ಕಾಣುವುದರಿಂದ ಗುರುತಿಸದೆ ಬಿಡುವುದೂ ಉಂಟು.

ಹೆಸರು ತಪ್ಪಿದರೆ ಏನು ಮಹಾ ನಷ್ಟ, ತಲೆಯ ಹೊಟ್ಟಿನಿಂದ ಯಾರೂ ಸತ್ತಿಲ್ಲವಲ್ಲ ಎನ್ನುವವರಿದ್ದಾರೆ. ಅವರಿಗೆ ನನ್ನ ಸಹೋದ್ಯೋಗಿಯಾಗಿದ್ದ ಚಿತ್ರಕಲಾ ಮೇಷ್ಟ್ರ ಕಥೆ ಹೇಳಬೇಕು. ನಿಮ್ಮಲ್ಲಿ ಅನೇಕರಿಗೆ ಅವರು ನೆನಪಿರಬಹುದು. ಹೆಸರು ಹೇಳುವುದು ಬೇಡ. ಕಪ್ಪುಹಲಗೆಯ ಮೇಲೆ ಒಂದೇ ಎಳೆತದಲ್ಲಿ ಪೂರ್ಣವೃತ್ತ ಬರೆಯುತ್ತಿದ್ದವರು. ಅವರ ಕೋಟಿನ ಹೆಗಲ ಮೇಲೆ ಸದಾ ಬಿಳಿಯ ಪುಡಿ. ಸುಣ್ಣದ ಕಡ್ಡಿಯದೆಂದು ಮಕ್ಕಳು ತಿಳಿದಿದ್ದರು; ಹೊಟ್ಟೆಂದು ನಾವೆಲ್ಲ ತಿಳಿದಿದ್ದೆವು. ಹೊಟ್ಟೆಂದೇ ಹನ್ನೊಂದು ವರ್ಷ ಅವರಿಗೆ ಚಿಕಿತ್ಸೆಯೂ ನಡೆಯಿತು. ನಡುವೆ ಬೆಳಗಿನ ಹೊತ್ತು ಬೆರಳುಗಳು ಸೆಟೆದುಕೊಳ್ಳತೊಡಗಿದವು. ವಾತವೆಂದರು, ವಯಸ್ಸೆಂದರು, ತಣ್ಣೀರಿನ ಸ್ನಾನ ಬಿಡಿ ಎಂದರು. ಕೊನೆಗೊಮ್ಮೆ ಬೇರೆ ಯಾವುದೋ ಕಾರಣಕ್ಕೆ ಹೋದಾಗ ವೈದ್ಯರೊಬ್ಬರು ಅವರ ಉಗುರುಗಳನ್ನು ನೋಡಿದರು. ದರ್ಜಿಯವರ ಬೆರಳಟೋಪಿಯ ಮೇಲಿರುವಂಥ ಸಣ್ಣ ಸಣ್ಣ ಗುಳಿಗಳು ಅಲ್ಲಿದ್ದವು. ತಲೆ, ಉಗುರು, ಕೀಲು ಮೂರೂ ಒಂದೇ ಕಾಯಿಲೆಯ ಮೂರು ಮುಖಗಳೆಂದು ಅಂದು ತಿಳಿಯಿತು. ಸೋರಿಯಾಸಿಸ್ ಇರುವವರಲ್ಲಿ ಒಂದು ಪಾಲು ಜನರಿಗೆ ಕೀಲುಗಳ ಉರಿಯೂತವೂ ಬರುತ್ತದೆ. ನೆತ್ತಿ, ಉಗುರುಗಳಲ್ಲಿ ಕಾಯಿಲೆ ಇರುವವರಲ್ಲಿ ಆ ಅಪಾಯ ಹೆಚ್ಚು. ಮೊದಲೇ ಗುರುತಿಸಿದರೆ ಮೆಥೊಟ್ರೆಕ್ಸೇಟಿನಂಥ ಔಷಧಗಳಿಂದ ಹಾನಿಯನ್ನು ತಡೆಯಬಹುದು. ಮೇಷ್ಟ್ರಿಗೆ ಕೊಟ್ಟ ಔಷಧದಿಂದ ಕಾಯಿಲೆ ಮುಂದುವರಿಯುವುದು ನಿಂತಿತು. ಆದರೆ ಆ ವೇಳೆಗೆ ಬಲಗೈಯ ಎರಡು ಬೆರಳು ಬಾಗಿಹೋಗಿದ್ದವು. ಅವು ಮತ್ತೆ ನೆಟ್ಟಗಾಗಲಿಲ್ಲ. ನಿವೃತ್ತಿಗೆ ಮೊದಲಿನ ನಾಲ್ಕು ವರ್ಷ ಅವರು ಹಲಗೆಯ ಮೇಲೆ ವೃತ್ತ ಬರೆಯಲಿಲ್ಲ. ‘ಬರೀ ಹೊಟ್ಟು’ ಎಂಬ ಎರಡು ಮಾತಿಗೆ ತೆತ್ತ ಬೆಲೆ ಅದು.

ಇನ್ನು ಮಾರಾಟಗಾರರ ವಿಷಯ. “ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ” ಎಂಬ ಗಾದೆಯನ್ನು ನಾವು ಸಂತೋಷದ ಸಂದರ್ಭದಲ್ಲಿ ಬಳಸುತ್ತೇವೆ. ಆದರೆ ದೀರ್ಘಕಾಲದ ಕಾಯಿಲೆಯಲ್ಲಿ ಈ ಗಾದೆಯಷ್ಟು ಅಪಾಯಕಾರಿಯಾದದ್ದು ಇನ್ನೊಂದಿಲ್ಲ. ರೋಗಿ ಬಯಸುವುದು ‘ಸಂಪೂರ್ಣ ಗುಣ’ ಎಂಬ ಮಾತನ್ನು. ಹೇಳುವವನು ಅದನ್ನೇ ಹೇಳುತ್ತಾನೆ, ಹಣ ಎಣಿಸಿಕೊಳ್ಳುತ್ತಾನೆ. ಪ್ರಾಮಾಣಿಕ ವೈದ್ಯರು “ಇದು ಹೋಗಿ ಬಂದು ಮಾಡುತ್ತದೆ, ಹತೋಟಿಯಲ್ಲಿಡೋಣ” ಎಂದರೆ, “ಅವರಿಗೇನೂ ತಿಳಿಯದು” ಎಂದು ಎದ್ದುಬರುವವರು ನಾವೇ. 2014ರಲ್ಲಿ ವಿಶ್ವ ಆರೋಗ್ಯ ಸಭೆ ಸೋರಿಯಾಸಿಸ್ ಕುರಿತು ನಿರ್ಣಯವನ್ನೇ ಮಾಡಿ, ಇದು ಅಂಟದ, ದೀರ್ಘಕಾಲದ, ಸಂಪೂರ್ಣ ಶಮನವಿಲ್ಲದ ಕಾಯಿಲೆಯೆಂದು ಒಪ್ಪಿಕೊಂಡಿತು. ಜಗತ್ತಿನ ದೇಶಗಳೆಲ್ಲ ಸೇರಿ ಒಪ್ಪಿದ ಮಾತನ್ನು ಬಸ್ ನಿಲ್ದಾಣದ ಕಂಬಕ್ಕೆ ಅಂಟಿಸಿದ ಒಂದು ಕಾಗದ ತಳ್ಳಿಹಾಕುತ್ತದೆ, ಮತ್ತು ನಾವು ಕಾಗದವನ್ನು ನಂಬುತ್ತೇವೆ! ಕಾನೂನು ಇಲ್ಲವೆಂದಲ್ಲ. ಪವಾಡದ ಔಷಧಗಳ ಜಾಹೀರಾತನ್ನು ತಡೆಯುವ ಕಾಯ್ದೆ 1954ರಿಂದಲೇ ಇದೆ. ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲಿ, ಗುಣಪಡಿಸುತ್ತೇನೆಂದು ಯಾವ ಔಷಧವೂ ಹೇಳಿಕೊಳ್ಳಬಾರದ ಸ್ಥಿತಿಗಳ ಪಟ್ಟಿಯೇ ಇದೆ. ಬೋಳುತಲೆಯೂ ಅದರಲ್ಲಿ ಸೇರಿದೆ. ಆದರೂ ಕೂದಲು ಬರಿಸುವ ಎಣ್ಣೆಯ ಜಾಹೀರಾತು ಕಾಣದ ಊರನ್ನು ನಾನು ನೋಡಿಲ್ಲ.

ಔಷಧಿ ಅಂಗಡಿಯ ಕಟ್ಟೆಯ ಮೇಲೆ ನಡೆಯುವ ವ್ಯಾಪಾರ ಇನ್ನೂ ಕೆಟ್ಟದ್ದು. ನನ್ನ ತಂಗಿಯ ಮಗಳಿಗೆ ಮದುವೆಯ ಮಾತುಕತೆ ನಡೆಯುತ್ತಿದ್ದ ಕಾಲ. ಹಣೆಯಂಚಿನಲ್ಲಿ, ಹುಬ್ಬಿನಲ್ಲಿ ಹೊಟ್ಟು, ನವೆ. ಅಂಗಡಿಯವನು ಚೀಟಿ ಕೇಳದೆ ಒಂದು ಸಣ್ಣ ಟ್ಯೂಬು ಕೊಟ್ಟ. ಎರಡೇ ದಿನಕ್ಕೆ ಎಲ್ಲ ಮಾಯ! ಮನೆಯವರೆಲ್ಲ ಅಂಗಡಿಯವನನ್ನು ಧನ್ವಂತರಿಯೆಂದು ಕೊಂಡಾಡಿದರು. ಟ್ಯೂಬಿನಲ್ಲಿದ್ದುದು ಕ್ಲೋಬೆಟಸಾಲ್ ಎಂಬ ಅತಿ ಪ್ರಬಲ ಸ್ಟೀರಾಯ್ಡ್. ಅದನ್ನು ಮುಖಕ್ಕೆ ಒಂದೂವರೆ ವರ್ಷ ಹಚ್ಚಿದಳು. ಚರ್ಮ ಈರುಳ್ಳಿಯ ಸಿಪ್ಪೆಯಷ್ಟು ತೆಳುವಾಯಿತು, ರಕ್ತನಾಳಗಳು ಎದ್ದು ಕಂಡವು, ಬೇಡದ ಕಡೆ ಕೂದಲು ಮೂಡಿತು. ಬಿಟ್ಟರೆ ಉರಿ, ಹಚ್ಚಿದರೆ ತಾತ್ಕಾಲಿಕ ಶಮನ. “ಮಾವ, ಹಚ್ಚಿದರೆ ಒಂದು ಕಷ್ಟ, ಬಿಟ್ಟರೆ ನೂರು ಕಷ್ಟ” ಎಂದು ಆ ಮಗು ಅತ್ತದ್ದು ನನಗಿನ್ನೂ ಕೇಳಿಸುತ್ತದೆ. ಚರ್ಮವೈದ್ಯರ ಕೈಯಲ್ಲಿ ಸರಿಹೋಗಲು ತಿಂಗಳುಗಳೇ ಹಿಡಿದವು. ಇಂಥ ಹಾವಳಿಯನ್ನು ಕಂಡು ಚರ್ಮವೈದ್ಯರು ವರ್ಷಗಟ್ಟಲೆ ದನಿಯೆತ್ತಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ನಿಮ್ಮ ಬೀದಿಯ ಅಂಗಡಿಗೆ ಹೋಗಿ ಕೇಳಿ ನೋಡಿ. ಆ ನಿಯಮಕ್ಕೆ ಸಿಗುತ್ತಿರುವ ಮರ್ಯಾದೆ ಎಷ್ಟೆಂಬುದು ತಿಳಿಯುತ್ತದೆ.

ಸ್ಟೀರಾಯ್ಡೇ ಖಳನಾಯಕನೆಂದು ಇದರ ಅರ್ಥವಲ್ಲ. ಈಳಿಗೆಮಣೆಯಿಲ್ಲದೆ ಅಡುಗೆಯಿಲ್ಲ, ಹಾಗೆಂದು ಅದನ್ನು ಮಗುವಿನ ಕೈಗೆ ಕೊಡುತ್ತೇವೆಯೇ? ನನ್ನ ನೆತ್ತಿಗೂ ಸ್ಟೀರಾಯ್ಡ್ ಲೋಷನ್ ಹಚ್ಚಿದ್ದೇನೆ, ಆದರೆ ವೈದ್ಯರು ಹೇಳಿದಷ್ಟು ದಿನ, ಹೇಳಿದಷ್ಟು ಹನಿ. ಹುಳುಕಡ್ಡಿಯ ಮೇಲೆ ಅದೇ ಮುಲಾಮನ್ನು ಹಚ್ಚಿದರೆ ನವೆ ತಗ್ಗಿದಂತೆ ಕಂಡು, ಶಿಲೀಂಧ್ರ ಒಳಗೊಳಗೇ ಹಬ್ಬಿ, ಕೊನೆಗೆ ತಜ್ಞರಿಗೂ ಗುರುತು ಸಿಗದ ರೂಪ ತಾಳುತ್ತದೆ. ಅದಕ್ಕೇ ಹೇಳಿದ್ದು, ಹೆಸರು ತಿಳಿಯದೆ ಮದ್ದು ಮುಟ್ಟಬಾರದೆಂದು. ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಸೋರಿಯಾಸಿಸ್ ಇರುವವರು ಅಂಥದನ್ನು ನುಂಗಿ, ಮುಗಿದಾಗ ಥಟ್ಟನೆ ನಿಲ್ಲಿಸಿದರೆ ಮೈಯೆಲ್ಲ ಕೆಂಪಾಗಿಯೋ ಕೀವುಗುಳ್ಳೆ ಎದ್ದೋ ಆಸ್ಪತ್ರೆ ಸೇರುವ ಸ್ಥಿತಿ ಬರಬಹುದು.

ಬಂಧುಗಳು ಕೋಪಿಸಿಕೊಳ್ಳುವುದಿಲ್ಲವೆಂಬ ಭರವಸೆಯಿಂದ ಮನೆಯ ಮದ್ದಿನ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಹೊಟ್ಟೆಂದರೆ ಮೊದಲ ಸಲಹೆ “ತಲೆಗೆ ಚೆನ್ನಾಗಿ ಎಣ್ಣೆ ಒತ್ತು” ಎಂಬುದು. ಒಣಗಿದ ನೆಲಕ್ಕೆ ನೀರು ಹಾಯಿಸಿದಂತೆ ಎಂಬ ತರ್ಕ. ಮೇಲೆ ಹೇಳಿದ ಮಲಸೀಜಿಯಾ ತನಗೆ ಬೇಕಾದ ಕೊಬ್ಬಿನಾಮ್ಲವನ್ನು ತಾನೇ ತಯಾರಿಸಿಕೊಳ್ಳಲಾರದು. ಚರ್ಮದ ಜಿಡ್ಡನ್ನೇ ಉಂಡು ಬದುಕುತ್ತದೆ. ಸೆಬೋರಿಕ್ ಇರುವ ತಲೆಗೆ ರಾತ್ರಿಯೆಲ್ಲ ಎಣ್ಣೆ ತುಂಬಿಸಿಡುವುದೆಂದರೆ ಆ ಯೀಸ್ಟಿಗೆ ಎಲೆ ಹಾಕಿ ಬಡಿಸಿದಂತೆ. ಆದ್ದರಿಂದಲೇ ಅಂಥವರಿಗೆ ಚರ್ಮವೈದ್ಯರು ಎಣ್ಣೆ ಬೇಡವೆನ್ನುತ್ತಾರೆ. ಅದೇ ಎಣ್ಣೆ ನನ್ನ ಸೋರಿಯಾಸಿಸ್ಸಿನ ದಪ್ಪ ಹಕ್ಕಳೆಯನ್ನು ಮೆತ್ತಗೆ ಮಾಡಲು ಸ್ವಲ್ಪ ಹೊತ್ತು ಉಪಯೋಗಕ್ಕೆ ಬರುತ್ತದೆ. ಒಂದೇ ಎಣ್ಣೆ, ಎರಡು ತಲೆ, ಎರಡು ಫಲ. ನಿಂಬೆರಸ, ಹುಳಿಮೊಸರುಗಳನ್ನು ಕೆರೆದ ಚರ್ಮದ ಮೇಲೆ ಹಾಕಿ ಉರಿ ತಂದುಕೊಂಡವರನ್ನೂ ಕಂಡಿದ್ದೇನೆ. ತಲೆ ಬೋಳಿಸಿದರೆ ಹೋಗುತ್ತದೆ ಎನ್ನುವವರಿಗೂ ಇದೇ ಉತ್ತರ. ಹರಕೆಯ ಮುಡಿ ನಿಮ್ಮ ಭಕ್ತಿಯ ವಿಷಯ, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಕಾಯಿಲೆ ಇರುವುದು ಚರ್ಮದಲ್ಲಿ. ಕೂದಲು ತೆಗೆದ ಮಾತ್ರಕ್ಕೆ ಅದು ಹೋಗದು. ಸೋರಿಯಾಸಿಸ್ಸಿನಲ್ಲಂತೂ ಕ್ಷೌರದ ಕತ್ತಿ ತಾಗಿದ ಗಾಯದ ಮೇಲೆಯೇ ಹೊಸ ಹಕ್ಕಳೆ ಏಳಬಹುದು. ಬಾಚಣಿಗೆಯಿಂದ ಹಕ್ಕಳೆ ಕೀಳುವ ಅಭ್ಯಾಸವೂ ಇದೇ ಕಾರಣಕ್ಕೆ ಕೂಡದು.

“ಹಾಗಾದರೆ ಆಯುರ್ವೇದವೆಲ್ಲ ಸುಳ್ಳೇ ಮೇಷ್ಟ್ರೇ?” ಎಂದು ನಿಮ್ಮಲ್ಲೊಬ್ಬರು ಕೇಳಿಯೇ ಕೇಳುತ್ತೀರಿ. ಹಿತ್ತಲ ಗಿಡ ಮದ್ದಲ್ಲವೆಂದು ಹಳಿಯುವ ಜಾತಿಯವನು ನಾನಲ್ಲ. ನನ್ನ ಜಗಳ ಪದ್ಧತಿಯೊಡನೆ ಅಲ್ಲ, ಸುಳ್ಳಿನೊಡನೆ. ಓದಿ ಪದವಿ ಪಡೆದ ಆಯುರ್ವೇದ ವೈದ್ಯರು ಕಾಯಿಲೆಯ ಹೆಸರು ಹೇಳಿ, ಮದ್ದಿನಲ್ಲಿ ಏನಿದೆಯೆಂದು ಬರೆದುಕೊಟ್ಟು, ಎಷ್ಟು ದಿನ ನೋಡಬೇಕೆಂದು ತಿಳಿಸಿದರೆ ಅವರಿಗೆ ನನ್ನ ನಮಸ್ಕಾರ. ಪಾರ್ಸೆಲ್ಲಿನಲ್ಲಿ ಬರುವ, ಒಳಗೇನಿದೆಯೆಂದು ಬರೆಯದ ಪುಡಿಗೆ ‘ಋಷಿಮುನಿಗಳ ರಹಸ್ಯ’ವೆಂದು ಹೆಸರಿಟ್ಟರೆ ಅದು ಆಯುರ್ವೇದಕ್ಕೂ ಮಾಡಿದ ಅವಮಾನ.

ಹಾಗೆಂದು ಬಿಳಿಯ ಕೋಟಿನವರನ್ನೂ ಬಿಡುವಂತಿಲ್ಲ. ಎರಡು ನಿಮಿಷದಲ್ಲಿ ತಲೆಯನ್ನು ದೂರದಿಂದಲೇ ನೋಡಿ ಶಾಂಪೂ, ಲೋಷನ್ ಬರೆದು ಮುಂದಿನವರನ್ನು ಕರೆಯುವ ವೈದ್ಯರು ಕಡಿಮೆಯಿಲ್ಲ. ಪಾಠ ಹೇಳದೆ ಮನೆಗೆಲಸ ಕೊಟ್ಟ ಮೇಷ್ಟ್ರಂತೆ ಇದು. ಕೀಟೋಕೊನಜೋಲ್ ಶಾಂಪೂವನ್ನು ಹಚ್ಚಿದೊಡನೆ ತೊಳೆದರೆ ಪ್ರಯೋಜನವಿಲ್ಲ. ಮೂರರಿಂದ ಐದು ನಿಮಿಷ ನೆತ್ತಿಯ ಮೇಲೆ ಬಿಡಬೇಕು. ವಾರಕ್ಕೆ ಎರಡು ಸಲದಂತೆ ಎರಡರಿಂದ ನಾಲ್ಕು ವಾರ, ಆಮೇಲೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಮುಂದುವರಿಸುವುದು ವಾಡಿಕೆ. ಲೋಷನ್ ಹಚ್ಚಬೇಕಾದದ್ದು ಚರ್ಮಕ್ಕೆ, ಕೂದಲಿಗಲ್ಲ. ಬೈತಲೆ ತೆಗೆದು ಸಾಲು ಸಾಲಾಗಿ ಹಚ್ಚಬೇಕು. ಸೋರಿಯಾಸಿಸ್ಸಿನಲ್ಲಿ ಮೊದಲು ಸ್ಯಾಲಿಸಿಲಿಕ್ ಆಮ್ಲದಂಥದರಿಂದ ಹಕ್ಕಳೆ ಕರಗಿಸದೆ ಮೇಲೆ ಎಷ್ಟು ಲೋಷನ್ ಸುರಿದರೂ ಅದು ಒಳಗಿಳಿಯದು. ಇಷ್ಟನ್ನು ಹೇಳಲು ಐದು ನಿಮಿಷ ಸಾಕು. ಆ ಐದು ನಿಮಿಷ ಸಿಗದೆ, “ಇಂಗ್ಲಿಷ್ ಔಷಧಿಯೂ ಕೆಲಸ ಮಾಡಲಿಲ್ಲ” ಎಂದುಕೊಂಡು ಜನ ಕಂಬಕ್ಕೆ ಅಂಟಿಸಿದ ಕಾಗದದ ಕಡೆ ನಡೆಯುತ್ತಾರೆ. ಸುಳ್ಳು ವೈದ್ಯನ ಅಂಗಡಿಗೆ ಗಿರಾಕಿ ಕಳಿಸುತ್ತಿರುವುದು ಅವಸರದ ನಿಜ ವೈದ್ಯನೇ.

ಈ ವಿಷಯದಲ್ಲಿ ನನ್ನ ಭಾಗ್ಯ ದೊಡ್ಡದು. 1999ರಲ್ಲಿ, ಕತ್ತಿನ ಮೇಲೆ ಮೊದಲ ಹಕ್ಕಳೆ ಕಂಡ ತಿಂಗಳಲ್ಲೇ ನನಗೆ ಸಿಕ್ಕ ಚರ್ಮವೈದ್ಯರು ವಯಸ್ಸಾದವರು, ಮಿತಭಾಷಿ. ತಲೆ, ಮೊಣಕೈ, ಉಗುರು, ಹೊಕ್ಕಳವರೆಗೆ ಪರೀಕ್ಷಿಸಿ, “ಮೇಷ್ಟ್ರೇ, ಇದು ನಿಮ್ಮ ಜೊತೆಗೇ ಇರುತ್ತದೆ. ಓಡಿಸಲು ನನ್ನಿಂದಾಗದು. ಆದರೆ ಅದು ನಿಮ್ಮ ಮೇಲೆ ಸವಾರಿ ಮಾಡದ ಹಾಗೆ ನೋಡಿಕೊಳ್ಳುವುದನ್ನು ಕಲಿಸುತ್ತೇನೆ” ಎಂದರು. ಅಂದು ಆ ಮಾತು ಕಹಿಯಾಗಿತ್ತು. ಆದರೆ ಕಲಿಸುತ್ತೇನೆ ಎಂಬ ಪದ ಮೇಷ್ಟ್ರಾದ ನನಗೆ ಹಿಡಿಸಿತು. ಟಾರು ಮತ್ತು ಸ್ಯಾಲಿಸಿಲಿಕ್ ಆಮ್ಲದ ಮುಲಾಮು ಶನಿವಾರ ರಾತ್ರಿ, ಭಾನುವಾರ ಸ್ನಾನ. ಉಲ್ಬಣಿಸಿದಾಗ ಎರಡು ಮೂರು ವಾರ ಸ್ಟೀರಾಯ್ಡ್ ಲೋಷನ್, ಬಳಿಕ ಅದನ್ನು ಮೆಲ್ಲಗೆ ಇಳಿಸುವುದು. ಮುಂದೆ ಕ್ಯಾಲ್ಸಿಪೋಟ್ರಿಯಾಲ್ ಎಂಬ, ಡಿ ಜೀವಸತ್ವದ ಬಂಧುವಾದ ಔಷಧ. ಚಳಿಗಾಲದಲ್ಲಿ ನನಗೆ ಹೆಚ್ಚುತ್ತದೆ, ಮನಸ್ಸು ಕೆಟ್ಟಾಗಲೂ ಹೆಚ್ಚುತ್ತದೆ. ಲಿಥಿಯಂ, ಕ್ಲೋರೋಕ್ವಿನ್, ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳು ಕೆಲವರಲ್ಲಿ ಕೆರಳಿಸುತ್ತವೆ. ಹಾಗೆಂದು ಅವನ್ನು ನೀವೇ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ. ಇಪ್ಪತ್ತೈದು ವರ್ಷಗಳಲ್ಲಿ ನಾನು ಒಂದು ದಿನವೂ ಈ ಕಾರಣಕ್ಕೆ ತರಗತಿ ತಪ್ಪಿಸಲಿಲ್ಲ.

ವಿಜ್ಞಾನ ನಿಂತ ನೀರಲ್ಲ ಎಂಬುದನ್ನೂ ಹೇಳಬೇಕು. ಟಾರಿನ ಜೊತೆಗೆ ನೇರಳಾತೀತ ಕಿರಣ ಬಳಸುವ ಗೋಯ್ಕರ್‌ಮನ್ ಪದ್ಧತಿ 1925ರಷ್ಟು ಹಳೆಯದು. 2013ರಲ್ಲಿ ಭಾರತದಲ್ಲಿ ಅನುಮತಿ ಪಡೆದ ಇಟೊಲಿಜುಮ್ಯಾಬ್ ಎಂಬ ಚುಚ್ಚುಮದ್ದನ್ನು ಮಾರುಕಟ್ಟೆಗೆ ತಂದದ್ದು ಕ್ಯೂಬಾದ ಸಂಶೋಧಕರೊಡನೆ ಸೇರಿ ದುಡಿದ ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆ. ಅದಕ್ಕಿಂತ ಪ್ರಬಲವಾದ ಚುಚ್ಚುಮದ್ದುಗಳು ಈಗಿವೆ; ತೀವ್ರ ಸೋರಿಯಾಸಿಸ್ ಇದ್ದವರ ಚರ್ಮ ಅವುಗಳಿಂದ ಬಹುಮಟ್ಟಿಗೆ ತಿಳಿಯಾದದ್ದಿದೆ. ಕೋಟಿಗಟ್ಟಲೆ ಹಣ ಸುರಿದು ಇಂಥ ಔಷಧ ಕಂಡುಹಿಡಿದವರು ಕೂಡ ‘ಬೇರುಸಹಿತ’ ಎಂಬ ಪದ ಬಳಸುವುದಿಲ್ಲ. ಹದಿನೆಂಟು ಸಾವಿರದ ಪುಡಿಯವನು ಬಳಸುತ್ತಾನೆ.

ಬಡವರು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ನ್ಯಾಯವಾದದ್ದೇ. ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆಗಳಂಥ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವಿದೆ. ಸಾಲು ಉದ್ದ, ಕಾಯಬೇಕು, ನಿಜ. ಆದರೆ ಟಾರು, ಸ್ಯಾಲಿಸಿಲಿಕ್ ಆಮ್ಲ, ಕೀಟೋಕೊನಜೋಲ್‌ಗಳು ಹಳೆಯ ಔಷಧಗಳು, ಅವು ದುಬಾರಿಯಲ್ಲ. ದುಬಾರಿಯಾದದ್ದು ಸುಳ್ಳು ಮಾತ್ರ.

ಎಲ್ಲಕ್ಕಿಂತ ನನ್ನನ್ನು ಕೆರಳಿಸುವುದು ಈ ಸುಳ್ಳು ಹುಟ್ಟಿಸುವ ನಾಚಿಕೆ. ಗುಣವಾಗಲೇಬೇಕಿತ್ತು, ಆಗಲಿಲ್ಲವೆಂದರೆ ಪಥ್ಯ ತಪ್ಪಿಸಿದ್ದೀಯೆ, ಸ್ವಚ್ಛವಾಗಿಲ್ಲ, ನಿನ್ನಲ್ಲೇ ದೋಷ ಎಂದಾಗುತ್ತದೆ. ಪ್ರಾಚೀನ ಕಾಲದಲ್ಲಿ ಸೋರಿಯಾಸಿಸ್ಸನ್ನು ಕುಷ್ಠವೆಂದೇ ತಿಳಿದು ಜನರನ್ನು ಊರ ಹೊರಗಿಟ್ಟಿದ್ದುಂಟು. 19ನೇ ಶತಮಾನದಲ್ಲಿ ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ ಅವರಂಥ ವೈದ್ಯರು ಎರಡನ್ನೂ ಬೇರ್ಪಡಿಸಿ ತೋರಿಸಿದರು. ಅದಾಗಿ ನೂರೈವತ್ತು ವರ್ಷಗಳ ಮೇಲಾದರೂ ಕ್ಷೌರದಂಗಡಿಯಲ್ಲಿ ಬಟ್ಟೆ ಹೊದಿಸಲು ಹಿಂಜರಿದದ್ದನ್ನು ನಾನು ಕಂಡಿದ್ದೇನೆ. ಸೆಬೋರಿಕ್ ಆಗಲಿ ಸೋರಿಯಾಸಿಸ್ ಆಗಲಿ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ನಿಮ್ಮ ಮನೆಯ ಹೆಣ್ಣಿಗೋ ಗಂಡಿಗೋ ಸಂಬಂಧ ನೋಡುವಾಗ ಈ ಕಾರಣಕ್ಕೆ ಹಿಂದೆಗೆದರೆ, ನನ್ನ ತರಗತಿಯಲ್ಲಿ ಕೂತು ಏನು ಕಲಿತಿರಿ ಎಂದು ಕೇಳುವ ಅಧಿಕಾರವನ್ನು ನಾನು ಉಳಿಸಿಕೊಂಡಿದ್ದೇನೆ.

ಕೊನೆಗೆ ಮನೆಗೆಲಸ. ತಲೆಗೆ ಮದ್ದು ಕೊಡುವವರು ಯಾರೇ ಇರಲಿ, ನಾಲ್ಕು ಪ್ರಶ್ನೆ ಕೇಳಿ: ಈ ಕಾಯಿಲೆಯ ಹೆಸರೇನು? ಈ ಮದ್ದಿನಲ್ಲಿ ಏನಿದೆ? ಎಷ್ಟು ದಿನ, ಹೇಗೆ ಬಳಸಬೇಕು? ಮತ್ತೆ ಬಂದರೆ ಏನು ಮಾಡಬೇಕು? ನಾಲ್ಕನೆಯ ಪ್ರಶ್ನೆಗೆ “ಮತ್ತೆ ಬರುವುದೇ ಇಲ್ಲ” ಎಂಬ ಉತ್ತರ ಬಂದರೆ, ಅದು ಹುಳುಕಡ್ಡಿಯಂಥ ಸೋಂಕಲ್ಲದಿದ್ದರೆ, ಚಪ್ಪಲಿ ಮೆಟ್ಟಿಕೊಂಡು ಎದ್ದುಬನ್ನಿ. ಹೊಟ್ಟಿನ ಜೊತೆಗೆ ಉಗುರಿನಲ್ಲಿ ಗುಳಿಯಿದ್ದರೆ, ಬೆಳಗಿನ ಹೊತ್ತು ಬೆರಳು ಸೆಟೆದುಕೊಳ್ಳುತ್ತಿದ್ದರೆ ಈ ವಾರವೇ ವೈದ್ಯರಿಗೆ ತೋರಿಸಿ.

ನಮ್ಮ ಕನ್ನಡದಲ್ಲಿ ‘ವಾಸಿ’ ಎಂಬ ಮಾತಿಗೆ ಎರಡು ಅರ್ಥವಿದೆ. ಜ್ವರ ವಾಸಿಯಾಯಿತೆಂದರೆ ಕಾಯಿಲೆ ಹೋಯಿತೆಂದು. ನಿನ್ನೆಗಿಂತ ಇವತ್ತು ವಾಸಿ ಎಂದರೆ ಮೇಲು ಎಂದು. ದೀರ್ಘಕಾಲದ ಕಾಯಿಲೆಯವರು ಎರಡನೆಯ ಅರ್ಥವನ್ನು ಹಿಡಿದುಕೊಂಡರೆ ಕಂಬಕ್ಕೆ ಅಂಟಿಸಿದ ಕಾಗದದ ಹಂಗು ಬೇಕಾಗುವುದಿಲ್ಲ. ನಾನು ಈಗ ವಾಸಿಯಾಗಿದ್ದೇನೆ. ನೀವೂ ಹಾಗೆಯೇ ಇರಿ.